ಬಂದರಿನ ಕಿಟಕಿ, ಬಿದಿರ ಬುಟ್ಟಿ: ಹಾಂಗ್ ಕಾಂಗ್‌ನಲ್ಲಿ ಸಾವಕಾಶದ ಮಧ್ಯಾಹ್ನದೂಟ

ಹಾಂಗ್ ಕಾಂಗ್‌ನ ದೊಡ್ಡ ಹೋಟೆಲೊಂದರ ಕ್ಯಾಂಟನೀಸ್ (ದಕ್ಷಿಣ ಚೀನಾ ಶೈಲಿಯ) ರೆಸ್ಟೋರೆಂಟಿನಲ್ಲಿ ಡಿಮ್ ಸಮ್, ಅಂದರೆ ಬಿದಿರ ಬುಟ್ಟಿ-ತಟ್ಟೆಗಳಲ್ಲಿ ಬರುವ ಪುಟ್ಟ ತಿಂಡಿಗಳ ಊಟ, ಕೆಟ್ಟರೆ ತಪ್ಪು ಬಹುಪಾಲು ಅಡುಗೆಯವರದ್ದಲ್ಲ, ಆರ್ಡರ್ ಕೊಟ್ಟವರದ್ದು. ಕೂತ ಐದು ನಿಮಿಷಕ್ಕೆ ಹತ್ತು ಐಟಂ ಹೇಳಿಬಿಡುತ್ತೇವೆ. ಇನ್ನು ಇಪ್ಪತ್ತು ನಿಮಿಷಕ್ಕೆ ಹತ್ತೂ ಒಟ್ಟಿಗೆ ಬಂದು ಮೇಜು ತುಂಬುತ್ತದೆ. ಮೊದಲ ಬುಟ್ಟಿ ತಿನ್ನುವಷ್ಟರಲ್ಲಿ ಐದನೆಯದು ಆರಿ ರಬ್ಬರಾಗಿರುತ್ತದೆ. ಮುಕ್ಕಾಲು ಗಂಟೆಗೆ ಹೊಟ್ಟೆ ಭಾರ, ಬಿಲ್ಲೂ ಭಾರ, ಕಿಟಕಿಯಾಚೆಯ ಬಂದರನ್ನು ಸರಿಯಾಗಿ ನೋಡಿದ್ದೇ ಇಲ್ಲ.

ಅಲ್ಲಿನವರು ಇದನ್ನು ಊಟ ಅನ್ನುವುದೂ ಅಪರೂಪ. ಯಮ್ ಚಾ ಅನ್ನುತ್ತಾರೆ, ಅಂದರೆ ಚಹಾ ಕುಡಿಯುವುದು. ಹಳೆಯ ಲೆಕ್ಕ 'ಯಾಟ್ ಜಂಗ್ ಲಂಗ್ ಗೀನ್': ಒಂದು ಬಟ್ಟಲು ಚಹಾ, ಜೊತೆಗೆ ಎರಡು ತಿಂಡಿ. ಮುಖ್ಯವಾದದ್ದು ಚಹಾ ಮತ್ತು ಮಾತು, ತಿಂಡಿ ಅದಕ್ಕೆ ನಂಚಿಕೊಳ್ಳಲು. ಎರಡೂವರೆ ಗಂಟೆ ಆರಾಮಾಗಿ ಕೂತು, ಪ್ರತಿ ಬುಟ್ಟಿಯನ್ನೂ ಹಬೆಯಾಡುವಾಗಲೇ ತಿಂದು ಏಳಬೇಕಾದರೆ ಕೆಲವು ವಿಷಯ ಮನೆಯಿಂದ ಹೊರಡುವ ಮುಂಚೆಯೇ ತೀರ್ಮಾನವಾಗಬೇಕು, ಕೆಲವು ಮೇಜಿನ ಮೇಲೆ.

ಯಾವ ದಡ, ಯಾವ ಕಿಟಕಿ

ವಿಕ್ಟೋರಿಯಾ ಬಂದರಿಗೆ ಎರಡು ದಡ. ದಕ್ಷಿಣಕ್ಕೆ ಹಾಂಗ್ ಕಾಂಗ್ ದ್ವೀಪ, ಉತ್ತರಕ್ಕೆ ಕೌಲೂನ್. ಫೋಟೋಗಳಲ್ಲಿ ಕಾಣುವ ಗಗನಚುಂಬಿ ಸಾಲು, ಅದರ ಹಿಂದೆ 552 ಮೀಟರ್ ಎತ್ತರದ ವಿಕ್ಟೋರಿಯಾ ಪೀಕ್, ಇವೆಲ್ಲ ಇರುವುದು ದ್ವೀಪದಲ್ಲಿ. ಅದನ್ನು ಎದುರಿಗಿಟ್ಟುಕೊಂಡು ನೋಡಬೇಕಾದರೆ ಕೌಲೂನ್ ಕಡೆ ಕೂರಬೇಕು. ಸಂಜೆಗೆ ಇದು ಸರಿ. ಮಧ್ಯಾಹ್ನಕ್ಕೆ ಇನ್ನೊಂದು ಲೆಕ್ಕ ಬೇಕು, ಅದು ಸೂರ್ಯನದು.

ಕೌಲೂನ್ ದಡದ ಕಿಟಕಿಗಳು ದಕ್ಷಿಣಕ್ಕೆ ತೆರೆದಿರುತ್ತವೆ. ಹಾಂಗ್ ಕಾಂಗ್ ಇರುವುದು ಸುಮಾರು 22 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್-ಜನವರಿಯ ನಡುಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ, ನೆತ್ತಿಗಿಂತ ಬಹಳ ಕೆಳಗೆ ಇರುತ್ತಾನೆ. ಬಿಸಿಲು ನೇರ ಮೇಜಿನ ಮೇಲೆ ಬೀಳುತ್ತದೆ, ಕಣ್ಣು ಕುಕ್ಕುತ್ತದೆ, ಎದುರಿನ ಕಟ್ಟಡಗಳು ಬೆಳಕಿಗೆ ಬೆನ್ನು ಮಾಡಿ ಬೂದಿಬಣ್ಣದ ನೆರಳುಗಳಾಗುತ್ತವೆ. ಜೂನ್-ಜುಲೈನಲ್ಲಿ ಸೂರ್ಯ ಹೆಚ್ಚುಕಮ್ಮಿ ನೆತ್ತಿಯ ಮೇಲಿರುವುದರಿಂದ ಈ ತೊಂದರೆಯಿಲ್ಲ. ದ್ವೀಪದ ಕಡೆಯ ಕಿಟಕಿಗಳು ಉತ್ತರಕ್ಕೆ. ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಹೋಗಿ ಕೌಲೂನನ್ನು ಬೆಳಗುತ್ತದೆ, ಅದರ ಹಿಂದಿನ ಲಯನ್ ರಾಕ್ ಬೆಟ್ಟದ ಬಂಡೆಗಳೂ ಸ್ಪಷ್ಟ ಕಾಣುತ್ತವೆ. ಚಳಿಗಾಲದ ಮಧ್ಯಾಹ್ನದೂಟಕ್ಕೆ ದ್ವೀಪದ ಕಿಟಕಿ, ರಾತ್ರಿಯೂಟಕ್ಕೆ ಕೌಲೂನ್ ಕಿಟಕಿ: ಒಂದೇ ಊಟಕ್ಕೆ ದುಡ್ಡಿದ್ದರೆ ನಮ್ಮ ಸಲಹೆ ಮೊದಲನೆಯದು.

ದ್ವೀಪದ ಸೆಂಟ್ರಲ್‌ನಲ್ಲಿ ಫೋರ್ ಸೀಸನ್ಸ್ ಹೋಟೆಲಿನ ಲಂಗ್ ಕಿಂಗ್ ಹೀನ್ ಹೆಸರಾಂತದ್ದು. ಹೆಸರಿನ ಅರ್ಥವೇ 'ಡ್ರ್ಯಾಗನ್ ನೋಟ'. ಹಾಂಗ್ ಕಾಂಗ್-ಮಕಾವ್‌ಗೆ ಬಂದ ರೆಸ್ಟೋರೆಂಟುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಗೈಡ್‌ನ ಮೊದಲ ಆವೃತ್ತಿ, ಅಂದರೆ 2009ರದ್ದರಲ್ಲಿ, ಮೂರು ನಕ್ಷತ್ರ ಪಡೆದ ಮೊತ್ತಮೊದಲ ಚೀನೀ ರೆಸ್ಟೋರೆಂಟ್ ಇದು. ಇರುವುದು ನಾಲ್ಕನೇ ಮಹಡಿಯಲ್ಲಿ, ಆದ್ದರಿಂದ ದೋಣಿಗಳು ಆಟಿಕೆಯಂತೆ ಅಲ್ಲ, ದೋಣಿಗಳಂತೆಯೇ ಕಾಣುತ್ತವೆ. ಅದಕ್ಕೆ ತದ್ವಿರುದ್ಧ, ಕೌಲೂನ್‌ನ ರಿಟ್ಜ್-ಕಾರ್ಲ್ಟನ್‌ನ ಟಿನ್ ಲಂಗ್ ಹೀನ್ 102ನೇ ಮಹಡಿಯಲ್ಲಿದೆ. ಅಷ್ಟು ಎತ್ತರದ ಅಪಾಯ ಒಂದೇ: ಮೋಡ. ಕೆಳಗೆ ಬೀದಿಯಲ್ಲಿ ಬಿಸಿಲಿದ್ದರೂ ಮೇಲೆ ಕಿಟಕಿಯ ತುಂಬ ಬಿಳಿ ಹತ್ತಿ. ಕೌಲೂನ್‌ನ ಚಿಮ್ ಶಾ ಚುಯ್ ಬಡಾವಣೆಯ ನೀರಂಚಿನಲ್ಲೇ ಇರುವ ರೀಜೆಂಟ್ ಹೋಟೆಲಿನ ಲಾಯ್ ಚಿಂಗ್ ಹೀನ್ ನಡುವಿನ ಆಯ್ಕೆ. ಬಂಡಿಯಲ್ಲಿ ಬುಟ್ಟಿ ತಳ್ಳಿಕೊಂಡು ಬರುವ ಹಳೆಯ ಪದ್ಧತಿ ನೋಡಬೇಕೆಂದರೆ ಸಿಟಿ ಹಾಲ್ ಕಟ್ಟಡದ ಮ್ಯಾಕ್ಸಿಮ್ಸ್ ಪ್ಯಾಲೆಸ್ ಇದೆ. ಅಲ್ಲಿ ಗದ್ದಲವೇ ಸೊಗಸು, ಸಾವಕಾಶ ಸಿಗುವುದಿಲ್ಲ.

ತಿಂಗಳು ನೋಡಿಕೊಳ್ಳಿ. ಅಕ್ಟೋಬರ್‌ನಿಂದ ಡಿಸೆಂಬರ್ ಒಣ ಹವೆ, ಆಕಾಶ ನಿಚ್ಚಳ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಸಮುದ್ರದ ತೇವ ಗಾಳಿಗೆ ಮಂಜು ಕಟ್ಟಿ ಎದುರು ದಡವೇ ಮಾಯವಾಗುವ ದಿನಗಳಿವೆ. ಹಾಂಗ್ ಕಾಂಗ್ ಅಬ್ಸರ್ವೇಟರಿಯ ಜಾಲತಾಣದಲ್ಲಿ ಬಂದರಿನ ನೇರ ಚಿತ್ರಗಳೇ ಸಿಗುತ್ತವೆ, ಹೊರಡುವ ಮುಂಚೆ ಒಮ್ಮೆ ನೋಡಿ. ಬೇಸಿಗೆಯಲ್ಲಿ ಚಂಡಮಾರುತದ 8ನೇ ಸಂಕೇತ ಏರಿಸಿದರೆ ದೋಣಿಗಳು ನಿಲ್ಲುತ್ತವೆ, ಬಹಳಷ್ಟು ರೆಸ್ಟೋರೆಂಟುಗಳು ಬಾಗಿಲು ಹಾಕುತ್ತವೆ. ಅಂಥ ದಿನ ಬುಕಿಂಗ್ ಮುಂದೂಡಲು ಫೋನ್ ಮಾಡಿ, ಸುಮ್ಮನೆ ಹೋಗದೆ ಇರಬೇಡಿ. ಕಾರ್ಡ್‌ನಿಂದ ರದ್ದತಿ ಶುಲ್ಕ ಕತ್ತರಿಸಿಬಿಟ್ಟರೆ ಆಮೇಲೆ ವಾದ ಮಾಡುವುದು ತಲೆನೋವು.

ಬುಕಿಂಗ್: ಹೇಳಬೇಕಾದ ನಾಲ್ಕು ಮಾತು

ಡಿಮ್ ಸಮ್ ಮಧ್ಯಾಹ್ನದ ತಿಂಡಿ. ಇಂಥ ಹೋಟೆಲುಗಳಲ್ಲಿ ಸಾಮಾನ್ಯವಾಗಿ ರಾತ್ರಿ ಸಿಗುವುದಿಲ್ಲ. ಅಡುಗೆಮನೆ ಹೆಚ್ಚಾಗಿ ಎರಡು-ಎರಡೂವರೆಗೆ ಕೊನೆಯ ಆರ್ಡರ್ ತೆಗೆದುಕೊಳ್ಳುತ್ತದೆ. ಶನಿವಾರ-ಭಾನುವಾರ ಒಂದೇ ಮೇಜನ್ನು ಎರಡು ಪಾಳಿಗೆ ಕೊಡುವ ಪದ್ಧತಿ ಇದೆ, ಮೊದಲ ಪಾಳಿಯವರನ್ನು ಒಂದು ಗಂಟೆಯ ಹೊತ್ತಿಗೆ ನಯವಾಗಿ ಎಬ್ಬಿಸುತ್ತಾರೆ. ಸಾವಕಾಶ ಬೇಕೆಂದರೆ ವಾರದ ದಿನ, ಬಾಗಿಲು ತೆರೆಯುವ ಹೊತ್ತಿಗೇ, ಅಂದರೆ ಹನ್ನೆರಡಕ್ಕೆ. ಹನ್ನೆರಡೂವರೆಗೆ ಆಫೀಸಿನವರ ನೂಕು ಶುರುವಾಗುವಷ್ಟರಲ್ಲಿ ನಿಮ್ಮ ಮೊದಲ ಸುತ್ತು ಅಡುಗೆಮನೆಯಿಂದ ಹೊರಬಿದ್ದಿರುತ್ತದೆ. ಮೇ ತಿಂಗಳ ಎರಡನೇ ಭಾನುವಾರ, ಅಮ್ಮಂದಿರ ದಿನ, ಆ ಕಡೆ ತಲೆಹಾಕಬೇಡಿ. ಊರಿಗೆ ಊರೇ ಅಮ್ಮನನ್ನು ಕರೆದುಕೊಂಡು ಬಂದಿರುತ್ತದೆ.

ಬೆಂಗಳೂರಿನಿಂದ ಹೋದವರಿಗೆ ಇನ್ನೊಂದು ತಾಪತ್ರಯ. ಹಾಂಗ್ ಕಾಂಗ್ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿನ ಹನ್ನೆರಡು ಅಂದರೆ ನಮ್ಮ ಹೊಟ್ಟೆಗೆ ಬೆಳಗಿನ ಒಂಬತ್ತೂವರೆ. ಹೋಟೆಲಿನ ಬಫೆ ತಿಂಡಿ ಮುಗಿಸಿ ಇಲ್ಲಿ ಬಂದು ಕೂತರೆ ಎರಡು ಬುಟ್ಟಿಗೇ ಸಾಕಾಗುತ್ತದೆ. ಮೊದಲ ದಿನ ಬೇಡ. ಹೋಗುವ ದಿನ ಬೆಳಗಿನ ತಿಂಡಿ ಬಿಟ್ಟುಬಿಡಿ, ಒಂದು ಬಾಳೆಹಣ್ಣು ಸಾಕು.

ಬುಕ್ ಮಾಡುವಾಗ ಹೇಳಬೇಕಾದ್ದು: ಕಿಟಕಿ ಪಕ್ಕದ ಮೇಜು ಬೇಕು, ಎಷ್ಟು ಜನ, ಯಾರಿಗೆ ಸಸ್ಯಾಹಾರ ಅಥವಾ ಅಲರ್ಜಿ, ಎಷ್ಟು ಹೊತ್ತಿನವರೆಗೆ ಮೇಜು ನಮ್ಮದು. ಕಿಟಕಿಯನ್ನು ಖಾತ್ರಿ ಕೊಡುವವರು ಕಡಿಮೆ, ಆದರೆ ಕೇಳಿದವರ ಹೆಸರಿನ ಮುಂದೆ ಗುರುತು ಬೀಳುತ್ತದೆ. ಕಿಟಕಿಯ ಉದ್ದಕ್ಕೂ ಇಡುವುದು ಇಬ್ಬರ, ನಾಲ್ವರ ಮೇಜುಗಳನ್ನು. ಎಂಟು-ಹತ್ತು ಜನರ ದುಂಡು ಮೇಜು ನಡುವೆಯೋ ಒಳಕೋಣೆಯಲ್ಲೋ ಇರುತ್ತದೆ, ಕೋಣೆಗಾದರೆ ಕನಿಷ್ಠ ಇಷ್ಟು ಖರ್ಚು ಮಾಡಬೇಕೆಂಬ ಷರತ್ತೂ ಇರಬಹುದು. ನೋಟವೇ ಮುಖ್ಯವಾದರೆ ನಾಲ್ವರ ಮೇಲೆ ಹೋಗಬೇಡಿ. ಕೂರುವಾಗ ಹಿರಿಯರಿಗೆ ಬಂದರು ಎದುರಾಗಿ ಕಾಣುವ ಕುರ್ಚಿ ಬಿಡಿ.

ಉಡುಪಿಗೆ ಹೆಚ್ಚಿನ ಕಟ್ಟುಪಾಡಿಲ್ಲ. ಚಡ್ಡಿ, ರಬ್ಬರ್ ಚಪ್ಪಲಿ, ಗಂಡಸರ ತೋಳಿಲ್ಲದ ಬನಿಯನ್ ನಡೆಯುವುದಿಲ್ಲ, ಅಷ್ಟೇ. ಒಂದು ಶಾಲು ಮಾತ್ರ ಮರೆಯಬೇಡಿ. ಆ ಊರಿನ ಏಸಿಯ ಚಳಿಗೆ ಮಡಿಕೇರಿಯ ಬೆಳಗೂ ಸಾಟಿಯಲ್ಲ. ಎರಡೂವರೆ ಗಂಟೆ ಅದರಡಿ ಕೂರಬೇಕು.

ಮೊದಲು ಚಹಾ

ಮೆನು ಕೊಡುವ ಮುಂಚೆಯೇ ಕ್ಯಾಪ್ಟನ್ ಕೇಳುವ ಪ್ರಶ್ನೆ: ಯಾವ ಚಹಾ? ಹಾಲು-ಸಕ್ಕರೆಯ ಮಾತು ಇಲ್ಲಿಲ್ಲ. ಆಯ್ಕೆ ಹೀಗಿದೆ. ಬೋ ಲೇ, ಅಂದರೆ ಪು ಎರ್: ಹುದುಗು ಬರಿಸಿದ ಕಡುಗಪ್ಪು ಚಹಾ, ಮಳೆ ಬಿದ್ದ ಮಣ್ಣಿನ ವಾಸನೆ, ಎಣ್ಣೆ, ಹಂದಿಮಾಂಸದ ತಿಂಡಿಗೆ ಇದೇ ಜೋಡಿ. ಹಂಗ್ ಪೀನ್, ಮಲ್ಲಿಗೆಯ ಚಹಾ: ಪರಿಮಳ ಹೆಚ್ಚು, ಆದರೆ ಕೆಟಲಿನಲ್ಲಿ ಹೆಚ್ಚು ಹೊತ್ತು ಕೂತರೆ ಕಹಿ. ಟಿಟ್ ಕುನ್ ಯಮ್: ಊಲಾಂಗ್ ಜಾತಿ, ಹುರಿದ ಘಮ. ಸೌ ಮೇ: ಬಿಳಿ ಚಹಾ, ಮೆತ್ತಗೆ. ಗುಕ್ ಫಾ: ಒಣಗಿಸಿದ ಸೇವಂತಿಗೆ ಹೂವಿನ ಕಷಾಯ, ಇದರಲ್ಲಿ ಕೆಫೀನ್ ಇಲ್ಲ, ಮಕ್ಕಳಿಗೂ ನಿದ್ದೆ ಕೆಡುವವರಿಗೂ ಆದೀತು. ಸೇವಂತಿಗೆಯನ್ನೂ ಬೋ ಲೇಯನ್ನೂ ಕೂಡಿಸಿದ್ದು ಗುಕ್ ಬೋ. ಮೊದಲ ಸಲದವರಿಗೆ ನಾವು ಹೇಳುವುದು ಇದನ್ನೇ. ಬೋ ಲೇಯ ಮಣ್ಣುವಾಸನೆಯನ್ನು ಹೂವು ಹದಕ್ಕೆ ತರುತ್ತದೆ, ಮತ್ತೆಮತ್ತೆ ನೀರು ತುಂಬಿಸಿದರೂ ಕಹಿಯಾಗುವುದಿಲ್ಲ.

ನಾಲ್ವರಿದ್ದರೆ ಎರಡು ಬಗೆ ಚಹಾ ಕೇಳಬಹುದು. ಕೆಟಲಿನ ನೀರು ಮುಗಿದಾಗ ಮುಚ್ಚಳವನ್ನು ಅರ್ಧ ಸರಿಸಿ ಬಾಯಂಚಿಗೆ ಒರಗಿಸಿಡಿ. ಕೂಗಬೇಕಿಲ್ಲ, ಬಿಸಿನೀರು ತಾನಾಗಿ ಬರುತ್ತದೆ. ಸುರಿಯುವಾಗ ಹಿರಿಯರಿಗೆ ಮೊದಲು, ತನಗೆ ಕೊನೆಗೆ. ನಿಮಗೆ ಯಾರಾದರೂ ಸುರಿದರೆ ಎರಡು ಬೆರಳು ಮಡಚಿ ಮೇಜಿನ ಮೇಲೆ ಮೆಲ್ಲಗೆ ತಟ್ಟುವುದೇ ಧನ್ಯವಾದ. ಬಾಯಲ್ಲಿ ತುತ್ತಿದ್ದಾಗ ಬಹಳ ಉಪಕಾರಿ ಪದ್ಧತಿ. ಮಾರುವೇಷದಲ್ಲಿದ್ದ ಚೀನಾದ ಚಿಯೆನ್‌ಲಾಂಗ್ ದೊರೆ ತನ್ನ ಸೇವಕರಿಗೆ ಚಹಾ ಸುರಿದನಂತೆ; ಅಡ್ಡಬಿದ್ದರೆ ಗುಟ್ಟು ರಟ್ಟಾದೀತೆಂದು ಅವರು ಬೆರಳುಗಳನ್ನೇ ಮಂಡಿಯೂರಿಸಿದರಂತೆ. ಕಥೆ ನಿಜವೋ ಸುಳ್ಳೋ, ಪದ್ಧತಿ ಮಾತ್ರ ಗಟ್ಟಿಯಾಗಿದೆ.

ಬೀದಿಬದಿಯ ಹೋಟೆಲುಗಳಲ್ಲಿ ಬಟ್ಟಲು-ಚಾಪ್‌ಸ್ಟಿಕ್‌ಗಳನ್ನು ಮೊದಲ ಚಹಾದಲ್ಲಿ ತೊಳೆಯುವುದನ್ನು ನೋಡಿರುತ್ತೀರಿ. ಇಂಥ ಜಾಗದಲ್ಲಿ ಅದನ್ನು ಮಾಡಬೇಡಿ.

ಮೂರು ಸುತ್ತು

ಮೆನು ಕೈಗೆ ಬಂದಾಗ ಎಲ್ಲವನ್ನೂ ಆರಿಸಿ ಇಟ್ಟುಕೊಳ್ಳಿ, ಆದರೆ ಎಲ್ಲವನ್ನೂ ಹೇಳಬೇಡಿ. ಕ್ಯಾಪ್ಟನ್‌ಗೆ ಮೊದಲೇ ಒಂದು ಮಾತು: 'ಮಾನ್ ಮಾನ್ ಲೇ', ನಿಧಾನವಾಗಿ ಬರಲಿ. ಜೊತೆಗೆ ಇಂಗ್ಲಿಷಿನಲ್ಲೂ ಹೇಳಿ, ಮೂರು ಸುತ್ತಿನಲ್ಲಿ ಆರ್ಡರ್ ಕೊಡುತ್ತೇವೆ ಎಂದು. ಹಾಗೆ ಹೇಳದಿದ್ದರೆ ಯಾವುದು ಮೊದಲು ಬೆಂದಿತೋ ಅದು ಮೊದಲು ಬರುತ್ತದೆ. ಕರಿದದ್ದು ಮುಂಚೆ, ಹಬೆಯದ್ದು ಆಮೇಲೆ ಬಂದು ನಾಲಿಗೆಯ ಲೆಕ್ಕ ತಪ್ಪುತ್ತದೆ.

ಕ್ರಮದ ತರ್ಕ ಸರಳ. ತೆಳು ರುಚಿಯ ಹಬೆ ತಿಂಡಿ ಮೊದಲು, ಹುರಿದದ್ದು-ಕರಿದದ್ದು ನಡುವೆ, ಅನ್ನ ಅಥವಾ ನೂಡಲ್ಸ್ ಕೊನೆಗೆ, ಆಮೇಲೆ ಸಿಹಿ. ಮಾಂಸ ತಿನ್ನುವ ನಾಲ್ವರಿಗೆ ಒಂದು ಲೆಕ್ಕ ಕೊಡುತ್ತೇವೆ.

ಮೊದಲ ಸುತ್ತಿಗೆ ಮೂರೇ ಬುಟ್ಟಿ. ಹಾ ಗಾವ್, ಸಿಯು ಮಾಯ್, ಒಂದು ಅಣಬೆ-ತರಕಾರಿ ಡಂಪ್ಲಿಂಗ್. ಹಾ ಗಾವ್ ಅಂದರೆ ಸೀಗಡಿಯ ಹೂರಣ ತುಂಬಿ ನೆರಿಗೆ ಹಿಡಿದ ಪುಟ್ಟ ಕಡುಬು. ಅಡುಗೆಮನೆಯ ಕೈಚಳಕ ತಿಳಿಯುವುದು ಇದರಲ್ಲೇ. ಹೊದಿಕೆ ಮೈದಾದ್ದಲ್ಲ, ಗೋಧಿಯ ಅಂಟನ್ನು ತೊಳೆದು ತೆಗೆದು ಉಳಿದ ಪಿಷ್ಟಕ್ಕೆ ಮರಗೆಣಸಿನ ಪಿಷ್ಟ ಸೇರಿಸಿ ಕುದಿನೀರಿನಲ್ಲಿ ಕಲಸಿದ್ದು. ಹಾಗಾಗಿ ಬೆಂದಾಗ ಒಳಗಿನ ಸೀಗಡಿಯ ಕೆಂಪು ಕಾಣುವಷ್ಟು ಪಾರದರ್ಶಕ. ಐದಾರು ನಿಮಿಷದ ಜೋರು ಹಬೆ ಸಾಕು. ಎತ್ತಿದಾಗ ಹರಿಯಬಾರದು, ಕಚ್ಚಿದಾಗ ಸೀಗಡಿ 'ಕಟಕ್' ಎನ್ನಬೇಕು. ಆದರೆ ಬಿಸಿ ಇಳಿದಂತೆ ಪಿಷ್ಟ ಮತ್ತೆ ಬಿಗಿದುಕೊಳ್ಳುತ್ತದೆ. ಹತ್ತು ನಿಮಿಷ ಬಿಟ್ಟರೆ ಹೊದಿಕೆ ಗಟ್ಟಿಯಾಗಿ, ಬುಟ್ಟಿಯ ಕಾಗದಕ್ಕೆ ಅಂಟಿ, ಎಳೆದರೆ ತಳ ಹರಿದು ಹೂರಣ ಅಲ್ಲೇ ಉಳಿಯುತ್ತದೆ. ಮೂರೇ ಬುಟ್ಟಿ ಎನ್ನುವುದಕ್ಕೆ ಕಾರಣ ಇದು. ಫೋಟೋ ತೆಗೆಯುವವರಿಗೆ ಒಂದು ನಿಮಿಷ ಕೊಡಿ, ಎರಡಲ್ಲ.

ಸಿಯು ಮಾಯ್ ಬಾಯಿ ತೆರೆದ ಹಳದಿ ಡಂಪ್ಲಿಂಗ್. ಹಂದಿಮಾಂಸ, ಸೀಗಡಿ ಎರಡೂ ಇರುತ್ತದೆ. ಮೇಲೆ ಕೇಸರಿ ಬಣ್ಣದ ಚುಕ್ಕೆ ಕಂಡರೆ ಅದು ಸಾಮಾನ್ಯವಾಗಿ ಏಡಿಯ ಮೊಟ್ಟೆ, ಕ್ಯಾರೆಟ್ ಎಂದುಕೊಂಡು ಮೋಸಹೋಗಬೇಡಿ.

ಬುಟ್ಟಿಗೆ ಎಷ್ಟು ತುಂಡು ಎಂದು ಆರ್ಡರ್ ಕೊಡುವಾಗಲೇ ಕೇಳಿ. ಕೆಲವು ಮೂರು, ಕೆಲವು ನಾಲ್ಕು. ನಾಲ್ವರ ಮೇಜಿಗೆ ಮೂರರ ಬುಟ್ಟಿ ಬಂದರೆ ಎಲ್ಲರೂ 'ನನಗೆ ಬೇಡ, ನೀವು ತಗೊಳ್ಳಿ' ಎನ್ನುತ್ತಾ ಕೂರುತ್ತಾರೆ, ಅಷ್ಟರಲ್ಲಿ ಅದು ಆರುತ್ತದೆ. ಒಂದು ತುಂಡು ಹೆಚ್ಚಿಗೆ ಹಾಕಿಕೊಡಿ ಎಂದರೆ ಇಂಥ ಕಡೆ ಹಾಕಿಕೊಡುತ್ತಾರೆ, ತುಂಡಿನ ಲೆಕ್ಕದಲ್ಲಿ ಬೆಲೆ ಸೇರಿಸುತ್ತಾರೆ.

ಮೊದಲ ಸುತ್ತಿನ ಕೊನೆಯ ಬುಟ್ಟಿ ಖಾಲಿಯಾಗುವಾಗ ಎರಡನೆಯದನ್ನು ಹೇಳಿ, ಖಾಲಿಯಾದ ಮೇಲಲ್ಲ. ಅಡುಗೆಮನೆಗೆ ಹದಿನೈದು ನಿಮಿಷ ಬೇಕು. ಆ ಹದಿನೈದು ನಿಮಿಷವೇ ಕಿಟಕಿಗೆ ಮೀಸಲು: ಹಸಿರು-ಬಿಳಿ ಸ್ಟಾರ್ ಫೆರಿ ದೋಣಿಗಳು, ಎದುರು ದಡದಲ್ಲಿ 44 ಮೀಟರಿನ ಗಡಿಯಾರ ಗೋಪುರ, ಅದರ ಪಕ್ಕ ಕಿಟಕಿಗಳೇ ಇಲ್ಲದ ಕಲ್ಚರಲ್ ಸೆಂಟರ್. ಊರಿನ ಅತ್ಯುತ್ತಮ ನೋಟ ಇರುವ ಜಾಗದಲ್ಲಿ ಕುರುಡು ಗೋಡೆ ಕಟ್ಟಿದ್ದಕ್ಕೆ ಅಲ್ಲಿನ ಜನ ಇವತ್ತಿಗೂ ನಗುತ್ತಾರೆ.

ಎರಡನೇ ಸುತ್ತಿಗೆ ಚಂಗ್ ಫನ್ ಒಂದು ತಟ್ಟೆ, ಮೂಲಂಗಿಯ ಲೋ ಬಾಕ್ ಗೋ ಒಂದು, ಚಾರ್ ಸಿಯು ಬಾವ್ (ಸಿಹಿಯಾಗಿ ಹುರಿದ ಹಂದಿಮಾಂಸ ತುಂಬಿ ಹಬೆಯಲ್ಲಿ ಬೇಯಿಸಿದ ಬನ್ನು) ಒಂದು, ಬೇಕಾದರೆ ಒಂದು ಚಿಕ್ಕ ತಟ್ಟೆ ಹುರಿದ ಮಾಂಸ. ಚಂಗ್ ಫನ್ ಅಂದರೆ ನೀರುದೋಸೆಯ ಹಿಟ್ಟನ್ನು ಕಾವಲಿಗೆ ಹಾಕದೆ ಹಬೆಯಲ್ಲಿ ಹಾಳೆಯಂತೆ ಬೇಯಿಸಿ ಸುತ್ತಿದ ಹಾಗೆ. ಮೇಲೆ ಸುರಿಯುವ ಸಿಹಿ ಸೋಯಾ ಸಾಸನ್ನು ಸರ್ವರ್ ತಾವೇ ಸುರಿಯುತ್ತಾರೆ, 'ಅರ್ಧ ಸಾಕು' ಎಂದರೆ ಒಳ್ಳೆಯದು. ಮುಳುಗಿದರೆ ಉಪ್ಪೇ ಉಪ್ಪು. ಲೋ ಬಾಕ್ ಗೋ ಚೌಕ ಬಿಲ್ಲೆಗಳ ಹೊರಪದರ ಗರಿಗರಿ, ಒಳಗೆ ಗಿಣ್ಣಿನಂತೆ ಮೆದು ಇರಬೇಕು. ಇಡೀ ಬಿಲ್ಲೆ ಒಂದೇ ಸಮ ಮೆದುವಾಗಿದ್ದರೆ ಕಾವಲಿ ಸಾಕಷ್ಟು ಕಾದಿರಲಿಲ್ಲ ಎಂದರ್ಥ, ವಾಪಸ್ ಕಳಿಸಿ ಇನ್ನಷ್ಟು ಹುರಿಸಬಹುದು. ಬಾವ್‌ನ ತಳದಲ್ಲಿ ಕಾಗದ ಅಂಟಿರುತ್ತದೆ. ಸುಲಿದು ತಿನ್ನಿ, ಬೆಳ್ಳಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯದು ಹೊಟ್ಟೆ ತುಂಬಿಸುವ ಸುತ್ತು. ಒಂದು ಸೊಪ್ಪಿನ ಪಲ್ಯ, ಗಾಯ್ ಲಾನ್ ಅಥವಾ ಚೋಯ್ ಸಮ್, ಮತ್ತು ನಾಲ್ವರಿಗೂ ಸೇರಿ ಒಂದೇ ತಟ್ಟೆ ಫ್ರೈಡ್ ರೈಸ್ ಅಥವಾ ಲೋ ಮಾಯ್ ಗಾಯ್. ಎರಡನೆಯದು ಅಂಟಕ್ಕಿಯಲ್ಲಿ ಕೋಳಿ, ಅಣಬೆ ಸೇರಿಸಿ ತಾವರೆ ಎಲೆಯಲ್ಲಿ ಕಟ್ಟಿ ಬೇಯಿಸಿದ್ದು. ಕರಾವಳಿಯವರಿಗೆ ಕೊಟ್ಟೆ ಕಡುಬು, ಮೂಡೆ ನೆನಪಾಗದೆ ಇರದು. ಅದೇ ಎಲೆಯ ಘಮದ ಆಸೆ, ಅದೇ ಬಿಚ್ಚುವ ಸುಖ. ಅಂಟಕ್ಕಿ ಹೊಟ್ಟೆಯಲ್ಲಿ ಕಲ್ಲಿನಂತೆ ಕೂರುತ್ತದೆ, ನಾಲ್ವರಿಗೆ ಎರಡು ಪೊಟ್ಟಣ ಮೀರಬೇಡಿ. ಈ ಸುತ್ತಿನ ಆರ್ಡರ್ ಕೊನೆಯ ಆರ್ಡರಿನ ಹೊತ್ತಿಗೆ ಕನಿಷ್ಠ ಅರ್ಧ ಗಂಟೆ ಮುಂಚೆ ಹೋಗಿರಬೇಕು. ಹನ್ನೆರಡಕ್ಕೆ ಕೂತಿದ್ದರೆ ಇದು ಒಂದು ಕಾಲು-ಒಂದೂವರೆಗೆ ತಾನಾಗಿ ಬರುತ್ತದೆ. ಸಿಹಿಯನ್ನೂ ಇದರೊಟ್ಟಿಗೇ ಹೇಳಿ, 'ಆಮೇಲೆ ತನ್ನಿ' ಎಂದು ಸೇರಿಸಿ.

ಸಿಹಿಯಲ್ಲಿ ಲಾವ್ ಸಾ ಬಾವ್ ಕೇಳಿದರೆ ಎಚ್ಚರ. ಉಪ್ಪುಹಾಕಿದ ಬಾತುಮೊಟ್ಟೆಯ ಹಳದಿ, ಬೆಣ್ಣೆ, ಸಕ್ಕರೆ ಕರಗಿ ಒಳಗೆ ಲಾವಾರಸದಂತಿರುತ್ತದೆ. ಹೊರಗೆ ಉಗುರುಬೆಚ್ಚಗೆನಿಸಿದರೂ ಒಳಗಿನದು ನಾಲಿಗೆ ಸುಡುತ್ತದೆ. ಕೈಯಲ್ಲಿ ಮುರಿದು ಒಂದು ನಿಮಿಷ ತಡೆಯಿರಿ. ಬಿಳಿ ಅಂಗಿಯವರು ತಟ್ಟೆಯ ಮೇಲೆ ಬಗ್ಗಿ ಮುರಿಯಲಿ.

ಕೈ, ಕಡ್ಡಿ, ತಟ್ಟೆ

ನಿಮ್ಮ ಮುಂದೆ ಎರಡು ಜೊತೆ ಚಾಪ್‌ಸ್ಟಿಕ್ ಇರುತ್ತದೆ, ಬಣ್ಣ ಬೇರೆ ಬೇರೆ. ಒಂದು ಬುಟ್ಟಿಯಿಂದ ತಟ್ಟೆಗೆ ಹಾಕಿಕೊಳ್ಳಲು, ಇನ್ನೊಂದು ತಿನ್ನಲು. ನಮ್ಮ ಎಂಜಲಿನ ಲೆಕ್ಕವೇ. ಯಾವುದು ಯಾವುದೆಂದು ಗೊತ್ತಾಗದಿದ್ದರೆ ಕೇಳಿ, ಮಧ್ಯದಲ್ಲಿ ಅದಲುಬದಲು ಮಾಡಬೇಡಿ. ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸುವುದು ಸತ್ತವರಿಗೆ ಊದಿನಕಡ್ಡಿ ಹಚ್ಚಿದಂತೆ, ಅದನ್ನು ಯಾರೂ ಸಹಿಸುವುದಿಲ್ಲ. ಡಂಪ್ಲಿಂಗನ್ನು ನೆರಿಗೆ ಹಿಡಿದು ಎತ್ತಿದರೆ ಹರಿಯುತ್ತದೆ. ತಳದ ಎರಡು ಪಕ್ಕ ಹಿಡಿದು, ಕೆಳಗೆ ಪಿಂಗಾಣಿ ಚಮಚ ಒಡ್ಡಿ. ಬಾರದವರು ಫೋರ್ಕ್ ಕೇಳಿ, ನಾಚಿಕೆ ಬೇಡ. ಬಾವ್ ಅನ್ನು ಕೈಯಲ್ಲೇ ಮುರಿಯಬಹುದು.

ತಿರುಗುವ ಮೇಜಾದರೆ ಬೇರೆಯವರ ಕಡ್ಡಿ ಬುಟ್ಟಿಯಲ್ಲಿರುವಾಗ ತಿರುಗಿಸಬೇಡಿ.

ನಂಚಿಕೊಳ್ಳಲು ಬರುವ ಸಾಸುಗಳನ್ನು ಎಲ್ಲಕ್ಕೂ ಹಚ್ಚುವ ಅಭ್ಯಾಸ ನಮ್ಮದು. ಹಾ ಗಾವ್‌ಗೆ ಏನೂ ಬೇಡ. ಸ್ಪ್ರಿಂಗ್ ರೋಲ್‌ಗೆ ವೂಸ್ಟರ್ ಸಾಸ್, ಹೌದು, ಬ್ರಿಟಿಷರು ಬಿಟ್ಟುಹೋದದ್ದು. ಲೋ ಬಾಕ್ ಗೋಗೆ ಖಾರದ ಸಾಸ್. ಎಕ್ಸ್‌ಓ ಸಾಸ್ ಒಣಗಿದ ಚಿಪ್ಪುಮೀನು, ಸೀಗಡಿ, ಹ್ಯಾಮ್ ಹಾಕಿ ಮಾಡಿದ್ದು. ಬೇರೆಯಾಗಿ ಬೆಲೆ ಹಾಕುವುದೂ ಉಂಟು.

ಸಸ್ಯಾಹಾರಿಗಳು ಮೇಜಿನಲ್ಲಿದ್ದರೆ

ಇದು ಬುಕಿಂಗ್ ಹೊತ್ತಿಗೇ ತೀರಬೇಕಾದ ಮಾತು, ಏಕೆಂದರೆ ಹೂರಣಗಳು ಬೆಳಗ್ಗೆಯೇ ಸಿದ್ಧವಾಗಿರುತ್ತವೆ. 'ನೋ ಮೀಟ್' ಅಂದರೆ ಸಾಲದು. ಕ್ಯಾಂಟನೀಸ್‌ನಲ್ಲಿ 'ಯುಕ್', ಮಾಂಸ, ಅಂದರೆ ಮೊದಲು ನೆನಪಾಗುವುದು ಹಂದಿ. ಮಾಂಸ ಬೇಡವೆಂದವರಿಗೆ ಸೀಗಡಿ ಬಂದೀತು, ಕೋಳಿಯ ಸಾರಿನಲ್ಲಿ ಬೇಯಿಸಿದ ಸೊಪ್ಪು ಬಂದೀತು. ಕೊಟ್ಟವರು ಮೋಸ ಮಾಡಿದ್ದಲ್ಲ, ಅವರ ಲೆಕ್ಕದಲ್ಲಿ ಅದು ಮಾಂಸವೇ ಅಲ್ಲ.

ಬಳಸಬೇಕಾದ ಪದ 'ಜಾಯ್'. 'ನ್ಗೋ ಸಿಕ್ ಜಾಯ್', ನಾನು ಜಾಯ್ ತಿನ್ನುತ್ತೇನೆ. ಇದು ಬೌದ್ಧರ ವ್ರತದ ಊಟ: ಮಾಂಸ, ಮೀನು ಇಲ್ಲ, ಈರುಳ್ಳಿ-ಬೆಳ್ಳುಳ್ಳಿ ಜಾತಿಯ ಘಾಟಿನ ಗೆಡ್ಡೆ-ಸೊಪ್ಪುಗಳೂ ಇಲ್ಲ. ಈರುಳ್ಳಿ-ಬೆಳ್ಳುಳ್ಳಿ ಬಿಟ್ಟ ನಮ್ಮ ಮನೆಗಳವರಿಗೆ ಇದಕ್ಕಿಂತ ಒಳ್ಳೆಯ ಪದ ಸಿಗದು. ಮೊಟ್ಟೆಯ ವಿಷಯ ಮಾತ್ರ ಬೇರೆಯಾಗಿ ಹೇಳಿ: 'ಮ್ ಸಿಕ್ ದಾನ್', ಮೊಟ್ಟೆ ತಿನ್ನುವುದಿಲ್ಲ. ಜೈನರು ಗೆಡ್ಡೆಗಳ ಬಗ್ಗೆ ಇನ್ನೊಂದು ವಾಕ್ಯ ಸೇರಿಸಲೇಬೇಕು; ಕೆಸುವಿನ ಗಡ್ಡೆ, ಕ್ಯಾರೆಟ್, ಮೂಲಂಗಿ ಈ ಅಡುಗೆಯಲ್ಲಿ ಧಾರಾಳ.

ಎಡವುವ ಜಾಗಗಳು ಇವು. ಮೂಲಂಗಿಯ ಲೋ ಬಾಕ್ ಗೋ ಹೆಸರಿಗೆ ತರಕಾರಿ, ಒಳಗೆ ಒಣಸೀಗಡಿ, ಹಂದಿಯ ಸಾಸೇಜು. ಸೊಪ್ಪಿನ ಮೇಲೆ ಆಯ್‌ಸ್ಟರ್ ಸಾಸ್ ಸುರಿದಿರುತ್ತಾರೆ. ಅಣಬೆಯಿಂದ ಮಾಡಿದ ಸಸ್ಯಾಹಾರಿ ಸಾಸ್ ಇದೆಯೇ ಕೇಳಿ, ಇಲ್ಲದಿದ್ದರೆ ಬರೀ ಶುಂಠಿ ಹಾಕಿ ಬಾಡಿಸಲಿ. ಕೆಸುವಿನ ಗಡ್ಡೆಯ ಕರಿದ ಕಡುಬು ವೂ ಗೋಕ್‌ನಲ್ಲಿ ಹಂದಿಯ ಕೊಬ್ಬೂ ಹಂದಿಮಾಂಸದ ಹೂರಣವೂ ಎರಡೂ ಇರುತ್ತದೆ. ಎಗ್ ಟಾರ್ಟ್‌ನ ಪದರ ಹಿಟ್ಟಿಗೂ ಹಂದಿಯ ಕೊಬ್ಬು ಹಾಕುವವರಿದ್ದಾರೆ. ಡಂಪ್ಲಿಂಗಿನ ಹೊದಿಕೆಗೂ ಒಂದು ಚಮಚ ಬೀಳಬಹುದು. ಮಾವಿನ ಪುಡ್ಡಿಂಗ್ ಜೆಲಟಿನ್‌ನಿಂದ ಗಟ್ಟಿಯಾದದ್ದು. ಇನ್ನು ದನದ ಮಾಂಸ ಬಿಟ್ಟವರು 'ನ್ಗಾವ್' ಎಂಬ ಶಬ್ದ ನೆನಪಿಟ್ಟುಕೊಳ್ಳಿ; ಹೆಸರಿನಲ್ಲಿ ಅದಿದ್ದರೆ ದನ. ಹಬೆಯಲ್ಲಿ ಬೆಂದು ಬರುವ ದುಂಡನೆಯ ಮಾಂಸದುಂಡೆಗಳು ಬಹುಪಾಲು ಅವೇ.

ಹಾಗಾದರೆ ಏನು ತಿನ್ನುವುದು? ಅಣಬೆ, ಕಳಲೆ ತುಂಬಿದ ಡಂಪ್ಲಿಂಗ್. ಝಾ ಲಂಗ್, ಅಂದರೆ ಕರಿದ ಉದ್ದನೆಯ ಹಿಟ್ಟಿನ ಕೋಲನ್ನು ಚಂಗ್ ಫನ್ ಹಾಳೆಯಲ್ಲಿ ಸುತ್ತಿದ್ದು; ಹೊರಗೆ ಜಾರು, ಒಳಗೆ ಗರಿಗರಿ, ಜೊತೆಗೆ ಎಳ್ಳಿನ ಸಾಸ್. ಮೇಲೆ ಉದುರಿಸುವ ಈರುಳ್ಳಿ ಸೊಪ್ಪು ಬೇಡವಾದರೆ ಹೇಳಿ. ತೋಫು ಚರ್ಮದ ಸುರುಳಿಯ ಸಸ್ಯಾಹಾರಿ ಬಗೆ. ಎಳ್ಳು ಮೆತ್ತಿ ಕರಿದ ಅಂಟಕ್ಕಿಯ ಉಂಡೆ, ಒಳಗೆ ತಾವರೆ ಬೀಜ ಅಥವಾ ಕೆಂಪು ಅವರೆಯ ಹೂರಣ. ಸಿಹಿಗೆ ಮಾವು, ಚಕ್ಕೋತ, ಸಬ್ಬಕ್ಕಿ ಹಾಕಿದ ತಣ್ಣನೆಯ ಯಂಗ್ ಜಿ ಗಾಮ್ ಲೋ: ಪಾಯಸ ಬಲ್ಲ ನಾಲಿಗೆಗೆ ಪರಿಚಯ ಮಾಡಿಸಬೇಕಿಲ್ಲ.

ಮನೆಮಂದಿಯೆಲ್ಲ ಕಟ್ಟಾ ಸಸ್ಯಾಹಾರಿಗಳಾದರೆ ಬಂದರಿನ ಆಸೆ ಬಿಡಿ. ಡೈಮಂಡ್ ಹಿಲ್ ಮೆಟ್ರೋ ನಿಲ್ದಾಣದ ಬಳಿ, ಚೀ ಲಿನ್ ಸನ್ಯಾಸಿನಿಯರ ಮಠದ ಎದುರು ನಾನ್ ಲಿಯಾನ್ ಉದ್ಯಾನವಿದೆ. ಅಲ್ಲಿನ ಚೀ ಲಿನ್ ರೆಸ್ಟೋರೆಂಟ್ ಇರುವುದು ಜಲಪಾತದ ಹಿಂದೆ. ಕಿಟಕಿಯಾಚೆ ಬೀಳುವ ನೀರಿನ ಪರದೆ. ಮೆನು ಪೂರ್ತಿ ಸಸ್ಯಾಹಾರ. ಪ್ರತಿ ತಟ್ಟೆಗೂ 'ಇದರಲ್ಲಿ ಏನಿದೆ' ಎಂದು ವಿಚಾರಣೆ ನಡೆಸುತ್ತಾ ಬಂದರು ನೋಡುವುದಕ್ಕಿಂತ, ನಿಶ್ಚಿಂತೆಯಿಂದ ತಿನ್ನುತ್ತಾ ಜಲಪಾತ ನೋಡುವುದು ಮೇಲು. ಸಾವಕಾಶದ ಊಟಕ್ಕೆ ನಿಶ್ಚಿಂತೆಯೂ ಒಂದು ಪದಾರ್ಥವೇ.

ಬಿಲ್ಲು, ದೋಣಿ

'ಮಾಯ್ ದಾನ್' ಎಂದರೆ ಬಿಲ್ ಕೊಡಿ. ಕೇಳದೆ ಯಾರೂ ತರುವುದಿಲ್ಲ, ಅದು ಉಪೇಕ್ಷೆಯಲ್ಲ, ಮರ್ಯಾದೆ. ಅದರಲ್ಲಿ ಮೂರು ಸಾಲು ನೋಡಿ. ಚಹಾ ತಲೆಗೆ ಇಷ್ಟು ಎಂದು ಇರುತ್ತದೆ. ಕೂತಾಗ ಕೇಳದೆ ಇಟ್ಟಿದ್ದ ಉಪ್ಪಿನಕಾಯಿ, ಹುರಿದ ಬೀಜಗಳ ಪುಟ್ಟ ತಟ್ಟೆಗೂ ಬೆಲೆ ಬಿದ್ದಿರಬಹುದು. ಬೇಡವೆನ್ನುವುದಾದರೆ ಮುಟ್ಟುವ ಮುಂಚೆ ಹೇಳಬೇಕಿತ್ತು. ಕೊನೆಗೆ ಶೇ. 10 ಸೇವಾ ಶುಲ್ಕ. ಉದಾಹರಣೆಗೆ ನಾಲ್ವರ ತಿಂಡಿ 1,880 ಹಾಂಗ್ ಕಾಂಗ್ ಡಾಲರ್, ಚಹಾ ತಲೆಗೆ 30ರಂತೆ 120, ಒಟ್ಟು 2,000 ಆದರೆ ಕಟ್ಟಬೇಕಾದ್ದು 2,200. ನಮ್ಮ ಜಿಎಸ್‌ಟಿಯಂಥ ತೆರಿಗೆ ಅಲ್ಲಿಲ್ಲ. ಸೇವಾ ಶುಲ್ಕದ ಮೇಲೆ ಮತ್ತೆ ಟಿಪ್ಸ್ ಕಡ್ಡಾಯವಲ್ಲ, ಚಿಲ್ಲರೆ ಬಿಟ್ಟರೆ ಸಾಕು. ಕಾರ್ಡ್ ಯಂತ್ರ 'ರೂಪಾಯಿಯಲ್ಲೋ ಡಾಲರಿನಲ್ಲೋ' ಎಂದು ಕೇಳಿದರೆ ಹಾಂಗ್ ಕಾಂಗ್ ಡಾಲರ್ ಒತ್ತಿ. ರೂಪಾಯಿ ಒತ್ತಿದರೆ ಪರಿವರ್ತನೆಯ ದರ ಸಾಮಾನ್ಯವಾಗಿ ದುಬಾರಿ. ನೀರಿನ ಬಗ್ಗೆಯೂ ಒಂದು ಮಾತು: 'ಸ್ಟಿಲ್ ಆರ್ ಸ್ಪಾರ್ಕ್ಲಿಂಗ್' ಎಂದು ಕೇಳಿದರೆ ಅದು ದುಡ್ಡಿನ ಬಾಟಲಿ. ಬಿಸಿನೀರು ಬೇಕೆಂದರೆ ಹಾಗೆಂದೇ ಹೇಳಿ.

ಎರಡೂವರೆಗೆ ಎದ್ದರೆ ಟ್ಯಾಕ್ಸಿ ಹಿಡಿಯಬೇಡಿ. ಸೆಂಟ್ರಲ್‌ನ 7ನೇ ಕಟ್ಟೆಯಿಂದ ಚಿಮ್ ಶಾ ಚುಯ್‌ಗೆ ಸ್ಟಾರ್ ಫೆರಿ ಹತ್ತಿ. ಹತ್ತು ನಿಮಿಷದೊಳಗಿನ ದಾರಿ, ಟಿಕೆಟ್ ಕೆಲವೇ ಡಾಲರ್. ಊಟದುದ್ದಕ್ಕೂ ಕಿಟಕಿಯಿಂದ ನೋಡಿದ ದೋಣಿ ಇದೇ. 1888ರಲ್ಲಿ ಇದನ್ನು ಕಂಪನಿಯಾಗಿ ಶುರುಮಾಡಿದವರು ಭಾರತದಿಂದ ಹೋದ ಪಾರ್ಸಿ, ದೊರಾಬ್‌ಜಿ ನವರೋಜಿ ಮಿಠಾಯಿವಾಲಾ. ಮೇಲಿನ ಅಟ್ಟದಲ್ಲಿ, ದೋಣಿ ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕೂತರೆ ನೀವು ಉಂಡೆದ್ದ ಕಿಟಕಿ ಹಿಂದೆ ಹಿಂದೆ ಸರಿಯುವುದು ಕಾಣುತ್ತದೆ. ಮರದ ಬೆಂಚಿನ ಒರಗು ಮಗುಚುವಂಥದ್ದು, ಯಾವ ಕಡೆಗೆ ಬೇಕೋ ಆ ಕಡೆಗೆ ತಳ್ಳಿ ಕೂರಬಹುದು.